ಮೊದಲ ಗೇಮಿಂಗ್ ಪಿಸಿ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು?

ಐ5 ಪ್ರೊಸೆಸರ್. 16 ಜಿಬಿ ರ್‍ಯಾಮ್. 4 ಜಿಬಿ ಗ್ರಾಫಿಕ್ಸ್ ಕಾರ್ಡ್. 500 ವ್ಯಾಟ್ ಪವರ್ ಸಪ್ಲೈ. ಏಳು ಬಣ್ಣದ ಲೈಟು. ಗೇಮಿಂಗ್ ಮತ್ತು ಸ್ಟ್ರೀಮಿಂಗ್ ಪಿಸಿ, ಬರೀ 22 ಸಾವಿರ ರೂಪಾಯಿ!

ಇಂಥದ್ದೊಂದು ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತೆ. ಮನೆಯಲ್ಲಿ ಪಿಯುಸಿ ಮುಗಿಸಿದ ಮಗನೋ ಮಗಳೋ ಇದ್ದರೆ ಅದನ್ನ ತಂದು ನಿಮ್ಮ ಮುಖದ ಮುಂದೆ ಹಿಡಿದೂ ಇರ್ತಾರೆ. 'ನೋಡಪ್ಪಾ, ಎಲ್ಲಾ ಇದೆ, ಇಷ್ಟೇ ರೇಟು' ಅಂತ. ಈ ಜಾಹೀರಾತಿನ ತಮಾಷೆ ಏನು ಗೊತ್ತಾ? ಇದರಲ್ಲಿ ಒಂದೇ ಒಂದು ಸುಳ್ಳು ಇಲ್ಲದೇ ಇರಬಹುದು. ಐ5 ಇದೆ, ನಿಜ. 16 ಜಿಬಿ ಇದೆ, ನಿಜ. 4 ಜಿಬಿ ಕಾರ್ಡೂ ಇದೆ. ಆದ್ರೂ ಮನೆಗೆ ತಂದು ಆಟ ಹಾಕಿದ ಮೊದಲ ರಾತ್ರಿಯೇ ಗೊತ್ತಾಗುತ್ತೆ, ದುಡ್ಡು ಹೋಯ್ತು ಅಂತ.

22 ಸಾವಿರ ಸಣ್ಣ ಮೊತ್ತ ಅಲ್ಲ. ಎಷ್ಟೋ ಮನೆಗಳಲ್ಲಿ ಅದು ಒಂದು ತಿಂಗಳ ಸಂಬಳ. ಸರಿಯಾದ ಗೇಮಿಂಗ್ ಪಿಸಿಗೆ ಅದರ ಮೂರು ನಾಲ್ಕು ಪಟ್ಟು ಬೇಕಾಗುತ್ತೆ. ಅಂದ್ರೆ ಚೀಟಿ ಎತ್ತಿ, ಇಲ್ಲಾ ಇಎಂಐ ಹಾಕಿ ತಗೊಳ್ಳೋ ವಸ್ತು. ಇಂಥ ವಸ್ತುವನ್ನ ಎರಡನೇ ಸಲ ತಗೊಳ್ಳೋ ಅವಕಾಶ ಬೇಗ ಬರಲ್ಲ. ಹಾಗಾಗಿ ಇವತ್ತು ಯಾವ ಪಾರ್ಟ್ ಏನು ಮಾಡುತ್ತೆ, ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಿಡಿಯಬೇಕು ಅನ್ನೋದನ್ನ ಬಿಡಿಸಿ ಹೇಳ್ತೀನಿ. ಇಂಜಿನಿಯರಿಂಗ್ ಓದಿದ್ದಕ್ಕೆ ಇಲ್ಲಾದ್ರೂ ಸ್ವಲ್ಪ ಉಪಯೋಗ ಆಗಲಿ.

ಐ5 ಅಂದ್ರೆ ಯಾವ ಐ5?

ಮೊದಲು ಆ ಜಾಹೀರಾತನ್ನೇ ಬಿಚ್ಚೋಣ. ಐ5 ಅನ್ನೋದು ಇಂಟೆಲ್ ಕಂಪನಿ 2009ರಿಂದ ಬಳಸಿಕೊಂಡು ಬಂದ ಹೆಸರು. ಅದು ಒಂದು ಪ್ರೊಸೆಸರ್ ಅಲ್ಲ, ಒಂದು ವಂಶ. 2011ರಲ್ಲಿ ಬಂದ ಐ5-2400 ಕೂಡ ಐ5, 2022ರಲ್ಲಿ ಬಂದ ಐ5-12400 ಕೂಡ ಐ5. ಹೆಸರಿನ ಮುಂದಿರೋ ನಂಬರಿನಲ್ಲಿ ಕೊನೇ ಮೂರು ಅಂಕಿ ಮುಚ್ಚಿ ನೋಡಿ. ಉಳಿಯೋದು 2, ಇಲ್ಲಾ 12. ಅದು ತಲೆಮಾರು. ತಾತನೂ ಮೊಮ್ಮಗನೂ ಒಂದೇ ಮನೆತನ, ಆದ್ರೆ ಓಟದ ಪಂದ್ಯಕ್ಕೆ ತಾತನನ್ನ ನಿಲ್ಲಿಸ್ತೀರಾ? ಹಳೇ ಐ5-2400ನಲ್ಲಿ ನಾಲ್ಕು ಕೋರ್. ಐ5-12400ನಲ್ಲಿ ಆರು ಕೋರ್, ಅದರಲ್ಲಿ ಒಂದೊಂದೂ ಹಳೇ ಕೋರ್‌ಗಿಂತ ಬಹಳ ಚುರುಕು.

22 ಸಾವಿರದ ಡಬ್ಬಿಯಲ್ಲಿ ಕೂರೋದು ಸಾಮಾನ್ಯವಾಗಿ ತಾತ. ಆಫೀಸುಗಳು ಹಳೇದಾಯ್ತು ಅಂತ ಹೊರಹಾಕಿದ ಕಂಪ್ಯೂಟರನ್ನ ಬಿಚ್ಚಿ, ಹೊಸ ಗಾಜಿನ ಕ್ಯಾಬಿನೆಟ್ಟಿನಲ್ಲಿ ಕೂರಿಸಿರ್ತಾರೆ. ಟೈಪಿಂಗಿಗೆ, ಅಕೌಂಟ್ಸ್‌ಗೆ ಅದು ಈಗಲೂ ನಡೆಯುತ್ತೆ, ತಪ್ಪಿಲ್ಲ. ಆದ್ರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಹಳೇ ತಲೆಮಾರುಗಳು ಇಲ್ಲವೇ ಇಲ್ಲ. ವ್ಯಾಲರಂಟ್ ಥರದ ಆಟ ವಿಂಡೋಸ್ 11ರಲ್ಲಿ ಓಡಬೇಕಾದ್ರೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಕೇಳುತ್ತೆ. ಹಳೇ ಬೋರ್ಡಿನಲ್ಲಿ ಅದು ಎಲ್ಲಿಂದ ಬರಬೇಕು?

ಇನ್ನು 4 ಜಿಬಿ ಗ್ರಾಫಿಕ್ಸ್. 2014ರಲ್ಲಿ ಬಂದ ಜಿಟಿ 730 ಅನ್ನೋ ಕಾರ್ಡ್ 4 ಜಿಬಿಯಲ್ಲೂ ಸಿಗುತ್ತೆ. ಆದ್ರೆ ಜಿಬಿ ಅನ್ನೋದು ಗೋದಾಮಿನ ಅಳತೆ, ಕೆಲಸಗಾರರ ಲೆಕ್ಕ ಅಲ್ಲ. ಜಿಟಿ 730ರಲ್ಲಿ ಇರೋದು ಹೆಚ್ಚೆಂದರೆ 384 ಸಣ್ಣ ಕೋರ್. 2023ರಲ್ಲಿ ಬಂದ ಆರ್‌ಟಿಎಕ್ಸ್ 4060ರಲ್ಲಿ 3,072. ಗೋದಾಮು ಎಷ್ಟೇ ದೊಡ್ಡದಿರಲಿ, ಮೂಟೆ ಹೊರೋರು ಇಲ್ಲದಿದ್ರೆ ಏನು ಪ್ರಯೋಜನ?

ಪಾರ್ಟ್ ಅಲ್ಲ, ಸರಪಳಿ

ಈಗ ಅಸಲಿ ವಿಷಯಕ್ಕೆ ಬರೋಣ. ಗೇಮಿಂಗ್ ಪಿಸಿ ತಗೊಳ್ಳೋರು ಸಾಮಾನ್ಯವಾಗಿ ಕೇಳೋ ಪ್ರಶ್ನೆ 'ಯಾವ ಪ್ರೊಸೆಸರ್ ಬೆಸ್ಟ್? ಯಾವ ಕಾರ್ಡ್ ಬೆಸ್ಟ್?' ಅಂತ. ಪ್ರಶ್ನೆಯೇ ತಪ್ಪು. ಕೇಳಬೇಕಾದ್ದು 'ನನ್ನ ಕೆಲಸ ಎಲ್ಲಿ ನಿಲ್ಲುತ್ತೆ?' ಅಂತ.

ನೀವು ಆಡಿದ ಆಟ ಇನ್ನೊಬ್ಬರ ಮೊಬೈಲಿನಲ್ಲಿ ಕಾಣೋವರೆಗೆ ಒಂದು ಸರಪಳಿ ಇದೆ. ಮೊದಲು ಪ್ರೊಸೆಸರ್ ಲೆಕ್ಕ ಹಾಕುತ್ತೆ: ವೈರಿ ಎಲ್ಲಿದ್ದಾನೆ, ಗುಂಡು ಎಲ್ಲಿಗೆ ಹೋಯ್ತು, ಗೋಡೆ ಅಡ್ಡ ಇದೆಯಾ. ಆ ಲೆಕ್ಕ ಇಟ್ಟುಕೊಂಡು ಗ್ರಾಫಿಕ್ಸ್ ಕಾರ್ಡ್ ಚಿತ್ರ ಬರೆಯುತ್ತೆ. ಚಿತ್ರ ಮಾನಿಟರಿಗೆ ಹೋಗುತ್ತೆ. ಅದರದ್ದೇ ಇನ್ನೊಂದು ಪ್ರತಿ ಎನ್‌ಕೋಡರ್‌ಗೆ ಹೋಗಿ ಸಣ್ಣದಾಗುತ್ತೆ. ಅಲ್ಲಿಂದ ನಿಮ್ಮ ಇಂಟರ್ನೆಟ್ ಲೈನ್ ಹಿಡಿದು ಯೂಟ್ಯೂಬಿಗೋ ಟ್ವಿಚ್‌ಗೋ ಹೋಗುತ್ತೆ. ಈ ಸರಪಳಿಯಲ್ಲಿ ಯಾವ ಕೊಂಡಿ ಸಣ್ಣದೋ, ನಿಮ್ಮ ಸ್ಟ್ರೀಮ್ ಅಷ್ಟೇ. ಉಳಿದ ಕೊಂಡಿಗಳನ್ನ ಬಂಗಾರದಲ್ಲಿ ಮಾಡಿಸಿದರೂ ಅಷ್ಟೇ.

ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ವ್ಯತ್ಯಾಸ ಏನು? ಭತ್ತದ ಗದ್ದೆ ನೆನಪು ಮಾಡಿಕೊಳ್ಳಿ. ನೀರು ಎಷ್ಟು ಬಿಡಬೇಕು, ಯಾವ ತಳಿ ಹಾಕಬೇಕು ಅಂತ ತೀರ್ಮಾನ ಮಾಡೋಕೆ ಅನುಭವಸ್ಥ ರೈತ ಒಬ್ಬ ಸಾಕು. ಆದ್ರೆ ನಾಟಿಗೆ ಒಬ್ಬ ಪೈಲ್ವಾನ್ ಬಂದರೂ ಆಗಲ್ಲ, ಇಪ್ಪತ್ತು ಜೊತೆ ಕೈ ಬೇಕು. ಪ್ರೊಸೆಸರ್ ರೈತ. ಗ್ರಾಫಿಕ್ಸ್ ಕಾರ್ಡ್ ನಾಟಿ ಆಳುಗಳ ದಂಡು.

ಆ ದಂಡು ಎಷ್ಟು ಕೆಲಸ ಮಾಡಬೇಕು ಅಂತ ತೀರ್ಮಾನ ಮಾಡೋದು ಯಾವುದು? ಮಾನಿಟರ್! ಹಾಗಾಗಿ ಆಯ್ಕೆ ಶುರುವಾಗಬೇಕಾದ್ದೂ ಅಲ್ಲಿಂದಲೇ. ಫುಲ್ ಎಚ್‌ಡಿ ಪರದೆ ಅಂದ್ರೆ 1920 ಗುಣಿಸು 1080, ಒಟ್ಟು 20,73,600 ಚುಕ್ಕಿ. ಅದರ ಮೇಲಿನ 1440ಪಿ ಪರದೆಯಲ್ಲಿ 36,86,400 ಚುಕ್ಕಿ. 4ಕೆ ಪರದೆಯಲ್ಲಿ 82,94,400, ಅಂದ್ರೆ ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. ಗದ್ದೆ ನಾಲ್ಕು ಪಟ್ಟಾದ್ರೆ ಆಳು? ಅಲ್ಲೇ ಇದೆ ಖರ್ಚಿನ ಗುಟ್ಟು. ಮೊದಲ ಪಿಸಿಗೆ ಫುಲ್ ಎಚ್‌ಡಿ ಸಾಕು. ನೋಡುಗರು ಹೇಗೂ ನಿಮ್ಮನ್ನ ಆರಿಂಚಿನ ಫೋನಿನಲ್ಲಿ ನೋಡ್ತಾರೆ.

ಇನ್ನೊಂದು ಅಳತೆ ಹರ್ಟ್ಸ್, ಅಂದ್ರೆ ಪರದೆ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತೆ ಅನ್ನೋದು. 60 ಹರ್ಟ್ಸ್ ಪರದೆಯಲ್ಲಿ ಹೊಸ ಚಿತ್ರ ಬರೋಕೆ 16.7 ಮಿಲಿಸೆಕೆಂಡು. 144 ಹರ್ಟ್ಸ್‌ನಲ್ಲಿ 6.9. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಥರದ ಗುಂಡಿನ ಆಟಕ್ಕೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಕಥೆ ಇರೋ ಆಟ, ಕ್ರಿಕೆಟ್ ಆಟ ಆಡೋರಿಗೆ ಅಷ್ಟಿಲ್ಲ.

ಅಂದಹಾಗೆ, 'ಜಿಟಿಎ 6 ಬರುತ್ತೆ, ಅದಕ್ಕೇ ಪಿಸಿ' ಅಂತ ಮಕ್ಕಳು ಹೇಳ್ತಿದ್ದರೆ ಸ್ವಲ್ಪ ನಿಲ್ಲಿ. ಈ ಮಾತು ಹೇಳ್ತಿರೋ 2025ರ ಡಿಸೆಂಬರ್ ಹೊತ್ತಿಗೆ ಆ ಆಟ ಘೋಷಣೆಯಾಗಿರೋದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಿಗೆ ಮಾತ್ರ, 2026ರ ನವೆಂಬರ್ 19ಕ್ಕೆ. ಪಿಸಿಗೆ ದಿನಾಂಕ ಇಲ್ಲ. ಬರದ ಆಟಕ್ಕೆ ಇವತ್ತು ಪಿಸಿ ಯಾಕೆ?

ಸ್ಟ್ರೀಮಿಂಗ್‌ಗೆ ದೈತ್ಯ ಪ್ರೊಸೆಸರ್ ಬೇಕಾ?

ಬೇಡ. ಇದು ಈ ವಿಷಯದಲ್ಲಿ ಅತಿ ಹೆಚ್ಚು ದುಡ್ಡು ಉಳಿಸೋ ಒಂದು ಪದ. ಯಾಕೆ ಬೇಡ ಅಂತ ಲೆಕ್ಕ ನೋಡಿ.

ಫುಲ್ ಎಚ್‌ಡಿ ಚಿತ್ರ, ಸೆಕೆಂಡಿಗೆ 60 ಸಲ. ಅಂದ್ರೆ ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕಿ. ಒಂದೊಂದು ಚುಕ್ಕಿಯ ಬಣ್ಣ ಬರೆಯೋಕೆ 24 ಬಿಟ್ ಅಂತ ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 298 ಕೋಟಿ ಬಿಟ್. ಆದ್ರೆ ಟ್ವಿಚ್ ಈ ಗುಣಮಟ್ಟಕ್ಕೆ ಹೇಳೋದು ಸೆಕೆಂಡಿಗೆ 6,000 ಕಿಲೋಬಿಟ್, ಅಂದ್ರೆ 60 ಲಕ್ಷ ಬಿಟ್. 298 ಕೋಟಿಯನ್ನ 60 ಲಕ್ಷಕ್ಕೆ ಇಳಿಸಬೇಕು, ಹೆಚ್ಚೂ ಕಡಿಮೆ ಐನೂರರಲ್ಲಿ ಒಂದು ಪಾಲಿಗೆ. ಅದೂ ಕ್ಷಣ ಕ್ಷಣಕ್ಕೂ, ನೋಡೋರಿಗೆ ಚಿತ್ರ ಕೆಟ್ಟಿದೆ ಅನಿಸದ ಹಾಗೆ. ಈ ಕೆಲಸದ ಹೆಸರೇ ಎನ್‌ಕೋಡಿಂಗ್. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಯ್ತೋ ಅದನ್ನಷ್ಟೇ ಕಳಿಸೋ ಜಾಣತನ ಅದು. ನ್ಯೂಸ್ ಚಾನೆಲ್ಲಿನ ವರದಿಗಾರ ಬ್ಯಾಕ್‌ಪ್ಯಾಕ್ ಬೆನ್ನಿಗೆ ಹಾಕಿಕೊಂಡು ಲೈವ್ ಕೊಡ್ತಾನಲ್ಲ, ಅದರೊಳಗೆ ನಡೆಯೋದೂ ಇದೇ.

ಹಿಂದೆ ಈ ಭಾರವನ್ನ ಪ್ರೊಸೆಸರ್ರೇ ಹೊರಬೇಕಿತ್ತು. ಆಟದ ಲೆಕ್ಕವೂ ಅದಕ್ಕೇ, ಎನ್‌ಕೋಡಿಂಗ್ ಕೂಡ ಅದಕ್ಕೇ. ಆಟ ತಡವರಿಸ್ತಿತ್ತು. ಅದಕ್ಕೇ ದೊಡ್ಡ ಸ್ಟ್ರೀಮರ್‌ಗಳು ಆಟಕ್ಕೊಂದು, ಸ್ಟ್ರೀಮಿಂಗ್‌ಗೊಂದು ಅಂತ ಎರಡು ಪಿಸಿ ಇಟ್ಟುಕೊಳ್ತಿದ್ದರು. ಆದ್ರೆ ಗ್ರಾಫಿಕ್ಸ್ ಚಿಪ್ ಒಳಗೇ ಈ ಕೆಲಸಕ್ಕೆ ಮೀಸಲಾದ ಒಂದು ಪುಟ್ಟ ಭಾಗ ಬಂದಿದೆ. ಎನ್ವಿಡಿಯಾದಲ್ಲಿ ಇದರ ಹೆಸರು ಎನ್ವೆಂಕ್, ಶುರುವಾಗಿದ್ದು 2012ರಲ್ಲಿ. 2018ರ ಟ್ಯೂರಿಂಗ್ ತಲೆಮಾರಿನಲ್ಲಿ ಗುಣಮಟ್ಟ ಎಷ್ಟು ಸುಧಾರಿಸಿತು ಅಂದ್ರೆ, ಮನೆಯಿಂದ ಸ್ಟ್ರೀಮ್ ಮಾಡೋರಿಗೆ ಎರಡನೇ ಪಿಸಿಯ ಅಗತ್ಯವೇ ಉಳಿಯಲಿಲ್ಲ. ಎಎಂಡಿ ಮತ್ತು ಇಂಟೆಲ್ ಆರ್ಕ್ ಕಾರ್ಡುಗಳಲ್ಲೂ ಇಂಥದ್ದೇ ಎನ್‌ಕೋಡರ್ ಇದೆ.

ಎಲ್ಲದರಲ್ಲೂ ಇದೆಯಾ? ಇಲ್ಲ! ಇಲ್ಲೇ ಹುಷಾರಾಗಿರಬೇಕು. 2022ರಲ್ಲಿ ಬಂದ ಎಎಂಡಿಯ ಅಗ್ಗದ ಕಾರ್ಡುಗಳಾದ ಆರ್‌ಎಕ್ಸ್ 6400 ಮತ್ತು ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ ಎನ್‌ಕೋಡರ್ರೇ ಇಲ್ಲ. ಆಟಕ್ಕೆ ಓಕೆ, ಸ್ಟ್ರೀಮಿಂಗ್‌ಗೆ ಭಾರ ಮತ್ತೆ ಪ್ರೊಸೆಸರ್ ತಲೆ ಮೇಲೆ. ಹಾಗೇ ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರ ಇದ್ದರೆ, ಉದಾಹರಣೆಗೆ ಐ5-12400ಎಫ್, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರಲ್ಲ, ಅದರ ಜೊತೆ ಬರೋ ಕ್ವಿಕ್ ಸಿಂಕ್ ಎನ್‌ಕೋಡರ್ರೂ ಇರಲ್ಲ. ಒಳ್ಳೇ ಕಾರ್ಡ್ ಹಾಕ್ತೀರಿ ಅಂದ್ರೆ ಎಫ್ ತಗೊಂಡು ದುಡ್ಡು ಉಳಿಸಿ. ಆದ್ರೆ ಕಾರ್ಡ್ ಕೆಟ್ಟ ದಿನ ಪರದೆ ಪೂರ್ತಿ ಕತ್ತಲೆ, ಅದು ಗೊತ್ತಿರಲಿ.

ಎತ್ತು ಏರಿಗೆ, ಕೋಣ ನೀರಿಗೆ

ಹಾಗಾದ್ರೆ ಪ್ರೊಸೆಸರ್ ಎಷ್ಟಿರಬೇಕು? ಆರು ಕೋರ್ ಸಾಕು. ಹಳೇ ಎಎಂ4 ಬೋರ್ಡಿಗೆ ಎಎಂಡಿಯ ರೈಜನ್ 5 5600, ಹೊಸ ಎಎಂ5 ಬೋರ್ಡಿಗೆ ರೈಜನ್ 5 7600, ಇಂಟೆಲ್‌ನಲ್ಲಿ ಐ5-12400. ಮೂರೂ ಆರು ಕೋರಿನವು. ಇವಕ್ಕಿಂತ ಮೇಲೆ ಹೋದರೆ ನಿಮ್ಮ ಹಣ ಹೆಸರಿಗೆ ಹೋಗುತ್ತೆ, ಆಟಕ್ಕಲ್ಲ. ಹೆಸರಾಂತ ಪ್ರೊಸೆಸರ್ ಹಾಕಿ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡಿಲ್ಲ ಅನ್ನೋದು, ಭಾರೀ ಕಾರ್ಡ್ ಹಾಕಿ ಹಳೇ ಪ್ರೊಸೆಸರ್ ಇಡೋದು, ಎರಡೂ ಒಂದೇ: ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೆದ ಹಾಗೆ. ಗಾಡಿ ಮುಂದೆ ಹೋಗಲ್ಲ.

ಎಎಂ4ಕ್ಕೂ ಎಎಂ5ಕ್ಕೂ ಏನು ವ್ಯತ್ಯಾಸ? ಎಎಂ4 2016ರ ಸಾಕೆಟ್, ಅಗ್ಗ, ಆದ್ರೆ ದಾರಿ ಅಲ್ಲಿಗೆ ಮುಗೀತು. ಎಎಂ5 2022ರದ್ದು, ಡಿಡಿಆರ್5 ರ್‍ಯಾಮ್ ಮಾತ್ರ ಒಪ್ಪುತ್ತೆ. ನಾಲ್ಕು ವರ್ಷದ ನಂತರ ಪ್ರೊಸೆಸರ್ ಮಾತ್ರ ಬದಲಿಸೋ ಆಸೆ ಇದ್ದರೆ ಎಎಂ5. ಈ ಒಂದೇ ಪಿಸಿ, ಕೆಟ್ಟಾಗ ನೋಡಿಕೊಳ್ಳೋಣ ಅಂದ್ರೆ ಎಎಂ4ರಲ್ಲಿ ಉಳಿಸಿದ ದುಡ್ಡು ಕಾರ್ಡಿಗೆ ಹಾಕಿ.

ಕಾರ್ಡಿನಲ್ಲೂ ಬರೀ ಜಿಬಿ ನೋಡಬೇಡಿ ಅಂದೆ. ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ, ಆರ್‌ಟಿಎಕ್ಸ್ 4060ರಲ್ಲಿ 8 ಜಿಬಿ. ಆದ್ರೂ ಬಹುತೇಕ ಆಟಗಳಲ್ಲಿ ಮುಂದಿರೋದು 4060. ಹಾಗಂತ ಜಿಬಿ ಲೆಕ್ಕಕ್ಕೇ ಇಲ್ಲ ಅಂತಲ್ಲ. ಹೊಸ ಭಾರದ ಆಟಗಳಿಗೆ 8 ಜಿಬಿ ಇಕ್ಕಟ್ಟಾಗ್ತಿದೆ. ವೇಗ ಹತ್ತಿರ ಹತ್ತಿರ ಇರೋ ಎರಡು ಕಾರ್ಡಿನಲ್ಲಿ 12 ಅಥವಾ 16 ಜಿಬಿ ಇರೋದನ್ನ ಆರಿಸಿ. 2024ರ ಕೊನೆಗೆ ಬಂದ ಇಂಟೆಲ್ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ. 2025ರ ಎಎಂಡಿ ಆರ್‌ಎಕ್ಸ್ 9060 ಎಕ್ಸ್‌ಟಿ 8 ಜಿಬಿಯಲ್ಲೂ ಬರುತ್ತೆ, 16 ಜಿಬಿಯಲ್ಲೂ ಬರುತ್ತೆ. ಹೆಸರು ಒಂದೇ, ಬಿಲ್ಲಿನಲ್ಲಿ ಯಾವುದು ಅಂತ ನೋಡಿಕೊಳ್ಳಿ.

ರ್‍ಯಾಮ್ ಬೆಲೆ ಯಾಕೆ ಏರಿತು?

2025ರ ಕೊನೆಯಲ್ಲಿ ಅಂಗಡಿಗೆ ಹೋದವರಿಗೆ ದೊಡ್ಡ ಶಾಕ್ ಕೊಟ್ಟಿದ್ದು ರ್‍ಯಾಮ್. ಕಾರಣ ಅಂಗಡಿಯವನಲ್ಲ. ಪ್ರಪಂಚದ ಬಹುಪಾಲು ಮೆಮೊರಿ ಚಿಪ್ ಮಾಡೋದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳು ಕೇಳಿದಷ್ಟು ಕೊಟ್ಟು ಮೆಮೊರಿ ಖರೀದಿ ಮಾಡ್ತಿವೆ. ಕಾರ್ಖಾನೆಗಳು ಆ ಕಡೆ ವಾಲಿವೆ. ಡಿಸೆಂಬರ್ ಆರಂಭದಲ್ಲಿ ಮೈಕ್ರಾನ್, ಜನಸಾಮಾನ್ಯರಿಗೆ ಮಾರ್ತಿದ್ದ ಕ್ರೂಷಿಯಲ್ ಬ್ರ್ಯಾಂಡಿನ ವ್ಯವಹಾರದಿಂದಲೇ ಹೊರಬರೋದಾಗಿ ಘೋಷಿಸಿತು. ಊರಿಗೆ ದೊಡ್ಡ ಮದುವೆ ಬಂದಾಗ ಸಂತೆಯಲ್ಲಿ ತರಕಾರಿ ತುಟ್ಟಿಯಾಗಲ್ವಾ? ಹಾಗೆ.

ಹಾಗಾದ್ರೆ ಏನು ಮಾಡೋದು? ಆಟ ಮತ್ತು ಸ್ಟ್ರೀಮಿಂಗ್ ಎರಡಕ್ಕೂ 16 ಜಿಬಿಯಲ್ಲಿ ಶುರುಮಾಡಬಹುದು. ಆದ್ರೆ ಒಂದೇ 16ರ ಪಟ್ಟಿ ಬೇಡ, 8ರ ಎರಡು ಪಟ್ಟಿ ಹಾಕಿ. ಎರಡು ಪಟ್ಟಿ ಅಂದ್ರೆ ಎರಡು ಲೇನಿನ ರಸ್ತೆ, ಪ್ರೊಸೆಸರಿಗೆ ಮಾಹಿತಿ ಎರಡೂ ಕಡೆಯಿಂದ ಬರುತ್ತೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಬೆಲೆ ಇಳಿದಾಗ ಇನ್ನೆರಡು ಹಾಕಬಹುದು. ಸ್ಟೋರೇಜ್‌ಗೆ ಎನ್‌ವಿಎಂಇ ಎಸ್‌ಎಸ್‌ಡಿ, ಸಾಧ್ಯವಾದ್ರೆ 1 ಟಿಬಿ. ಸೈಬರ್‌ಪಂಕ್ 2077 ಒಂದೇ 70 ಜಿಬಿ ಕೇಳುತ್ತೆ, ಅದೂ ಎಸ್‌ಎಸ್‌ಡಿಯಲ್ಲೇ.

ಕಾಣದ ಡಬ್ಬಿ, ಕಾಪಾಡೋ ಡಬ್ಬಿ

ಈಗ ಬಂತು ಎಲ್ಲರೂ ಉಳಿತಾಯ ಮಾಡೋ ಜಾಗ. ಪವರ್ ಸಪ್ಲೈ, ಅಂಗಡಿ ಭಾಷೆಯಲ್ಲಿ ಎಸ್‌ಎಂಪಿಎಸ್. ಹೊಳೆಯಲ್ಲ, ಲೈಟಿಲ್ಲ, ಫೋಟೋದಲ್ಲಿ ಕಾಣಲ್ಲ. ಆದ್ರೆ ಗೋಡೆಯ 230 ವೋಲ್ಟ್ ಕರೆಂಟನ್ನ 12 ವೋಲ್ಟಿಗೆ ಇಳಿಸಿ, ಒಂದೊಂದು ಪಾರ್ಟಿಗೂ ಹದವಾಗಿ ಬಡಿಸೋದು ಇದೇ. ಇದು ಕೆಟ್ಟರೆ ಒಂದೇ ಕೆಡಲ್ಲ, ಜೊತೆಗಿರೋರನ್ನೂ ಕರೆದುಕೊಂಡು ಹೋಗುತ್ತೆ. ಹೊರಗೆ ಥಳುಕು, ಒಳಗೆ ಹುಳುಕು ಅಂತಾರಲ್ಲ, ಲೈಟಿನ ಕ್ಯಾಬಿನೆಟ್ಟಿನಲ್ಲಿ ಕೂರೋ ಹೆಸರಿಲ್ಲದ 500 ವ್ಯಾಟಿನ ಡಬ್ಬಿ ಅದಕ್ಕೆ ಪಕ್ಕಾ ಉದಾಹರಣೆ.

ಎಷ್ಟು ವ್ಯಾಟ್ ಬೇಕು? ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್. ಆರು ಕೋರಿನ ಪ್ರೊಸೆಸರಿಗೆ ಜೋರಾಗಿ ಓಡುವಾಗ ನೂರರ ಆಸುಪಾಸು ಇಟ್ಟುಕೊಳ್ಳಿ. ಫ್ಯಾನ್, ಬೋರ್ಡ್, ಎಸ್‌ಎಸ್‌ಡಿ ಸೇರಿ ಇನ್ನೊಂದು 60. ಒಟ್ಟು 275. ಒಳ್ಳೇ ಕಂಪನಿಯ 550 ವ್ಯಾಟ್ ಆರಾಮಾಗಿ ಸಾಕು. ಡಬ್ಬಿ ಮೇಲೆ '80 ಪ್ಲಸ್' ಗುರುತು ನೋಡಿ. ಹಾಕಿದ ಕರೆಂಟಿನಲ್ಲಿ ಕನಿಷ್ಠ ಶೇಕಡಾ 80 ಕೆಲಸಕ್ಕೆ ಬರುತ್ತೆ, ಉಳಿದದ್ದು ಬಿಸಿಯಾಗಿ ಹೋಗುತ್ತೆ ಅಂತ ಅದರ ಅರ್ಥ. ಅದು ಕರೆಂಟ್ ಉಳಿತಾಯದ ಸರ್ಟಿಫಿಕೇಟ್, ಗಟ್ಟಿತನದ ಗ್ಯಾರಂಟಿ ಅಲ್ಲ. ಗಟ್ಟಿತನಕ್ಕೆ ವಾರಂಟಿ ಎಷ್ಟು ವರ್ಷ ಅಂತ ನೋಡಿ. ಐದು ವರ್ಷ ಬರೆದುಕೊಡೋ ಕಂಪನಿಗೆ ತನ್ನ ಮಾಲಿನ ಮೇಲೆ ನಂಬಿಕೆ ಇದೆ ಅಂತ ಅರ್ಥ.

ಕ್ಯಾಬಿನೆಟ್ ಆರಿಸುವಾಗ ಮುಂದೆ ಗಾಜು ಬೇಡ, ಜಾಲರಿ ಇರಲಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ರೂಮಿನ ಗಾಳಿಯೇ 40 ಡಿಗ್ರಿ ಹತ್ತಿರ ಇರುತ್ತೆ. ಫ್ಯಾನ್ ಎಷ್ಟೇ ತಿರುಗಿದ್ರೂ ಪಾರ್ಟನ್ನ ರೂಮಿಗಿಂತ ತಣ್ಣಗೆ ಮಾಡೋಕೆ ಆಗಲ್ಲ. ಬಿಸಿ ಜಾಸ್ತಿಯಾದಾಗ ಪ್ರೊಸೆಸರ್, ಕಾರ್ಡು ತಾವೇ ವೇಗ ಇಳಿಸಿಕೊಳ್ತವೆ. ಅಂದ್ರೆ ದುಡ್ಡು ಕೊಟ್ಟಿದ್ದು ಕುದುರೆಗೆ, ಏಪ್ರಿಲ್ ತಿಂಗಳಲ್ಲಿ ಸಿಕ್ಕಿದ್ದು ಹೇಸರಗತ್ತೆ. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಯುಪಿಎಸ್ ತಗೊಳ್ಳುವಾಗ ವಿಎ ಮಾತ್ರ ನೋಡಬೇಡಿ. 600 ವಿಎ ಡಬ್ಬಿಯ ಮೇಲೆ ಸಾಮಾನ್ಯವಾಗಿ 360 ವ್ಯಾಟ್ ಅಂತಲೂ ಸಣ್ಣಕ್ಷರದಲ್ಲಿ ಇರುತ್ತೆ. ಮಾನಿಟರ್ ಸೇರಿಸಿದರೆ ಅದು ಅಂಚಿಗೆ ಬರುತ್ತೆ.

ನೋಡುಗ ಚಿತ್ರ ಕ್ಷಮಿಸ್ತಾನೆ, ಧ್ವನಿ ಕ್ಷಮಿಸಲ್ಲ

ಇದು ಇಂಜಿನಿಯರ್ ಆಗಿ ಅಲ್ಲ, ಟಿವಿಯವನಾಗಿ ಹೇಳೋ ಮಾತು. ವರದಿಗಾರನ ವಿಡಿಯೋ ಲಿಂಕ್ ಕಟ್ ಆದ್ರೆ ನಾವು ಏನು ಮಾಡ್ತೀವಿ? ಅವರ ಫೋಟೋ ಹಾಕಿ ಫೋನೋ ತಗೋತೀವಿ. ನೀವು ಕೇಳಿಸಿಕೊಳ್ತೀರಿ, ಚಾನೆಲ್ ಬದಲಿಸಲ್ಲ. ಆದ್ರೆ ಚಿತ್ರ ಚೆನ್ನಾಗಿದ್ದು ಧ್ವನಿ ಗೊರಗೊರ ಅಂದ್ರೆ? ಹತ್ತೇ ಸೆಕೆಂಡಿನಲ್ಲಿ ರಿಮೋಟ್ ಕೈಗೆ. ಸ್ಟ್ರೀಮಿಂಗ್‌ಗೂ ಇದೇ ನಿಯಮ. ಕ್ಯಾಮೆರಾಗೆ ಮೊದಲ ವರ್ಷ ಫೋನೇ ಸಾಕು. ದುಡ್ಡು ಹಾಕೋದಾದ್ರೆ ಒಂದು ಮೈಕಿಗೆ ಹಾಕಿ. ಅದನ್ನ ಬಾಯಿಗೆ ಒಂದು ಗೇಣು ದೂರದಲ್ಲಿ ಇಡಿ. ರೂಮಿನಲ್ಲಿ ಪರದೆ, ಹಾಸಿಗೆ, ಬಟ್ಟೆ ಇದ್ದರೆ ಪ್ರತಿಧ್ವನಿ ತಾನೇ ತಗ್ಗುತ್ತೆ.

ಇನ್ನು ಕೊನೇ ಕೊಂಡಿ ಇಂಟರ್ನೆಟ್. 'ನಮ್ಮದು 100 ಎಂಬಿಪಿಎಸ್' ಅಂತೀರಲ್ಲ, ಅದು ಡೌನ್‌ಲೋಡ್. ನಿಮಗೆ ಬೇಕಾಗಿರೋದು ಅಪ್‌ಲೋಡ್. 6,000 ಕಿಲೋಬಿಟ್ಟಿನ ಸ್ಟ್ರೀಮ್‌ಗೆ ಕನಿಷ್ಠ 10 ಎಂಬಿಪಿಎಸ್ ಅಪ್‌ಲೋಡ್ ನಿಂತ ಹಾಗೆ ಸಿಗಬೇಕು. ಬೆಳಗ್ಗೆ ಪರೀಕ್ಷೆ ಮಾಡಬೇಡಿ, ರಾತ್ರಿ 8ರಿಂದ 10ರ ನಡುವೆ ಮಾಡಿ, ಬೀದಿಯವರೆಲ್ಲ ಮೊಬೈಲ್ ಹಿಡಿದಾಗ. ಗಂಟೆಗೆ 2.7 ಜಿಬಿ ಡೇಟಾ ಹೋಗುತ್ತೆ, ಆಟದ್ದು ಬೇರೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಲಕ್ಷ ರೂಪಾಯಿ ಪಿಸಿ ತಗೊಂಡರೆ, ಮನೆ ಕಟ್ಟಿಸಿ ದಾರಿ ಬಿಡದ ಹಾಗೆ.

ಮನೆಯವರಿಗೆ ಎರಡು ಮಾತು

ಒಂದು, ಕರೆಂಟ್. 300 ವ್ಯಾಟ್ ಎಳೆಯೋ ಪಿಸಿ ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ 36 ಯೂನಿಟ್. ಕಡಿಮೆ ಅನಿಸುತ್ತೆ. ಆದ್ರೆ ಗೃಹಜ್ಯೋತಿ ಮನೆಗಳಲ್ಲಿ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕು. ಈಗಾಗಲೇ 170 ಬರ್ತಿರೋ ಮನೆಗೆ ಈ 36 ಸೇರಿದ್ರೆ ಲೆಕ್ಕ ಎಲ್ಲಿಗೆ ಹೋಯ್ತು ನೋಡಿ. ಪಿಸಿ ಬರೋ ಮೊದಲು ಹಳೇ ಬಿಲ್ ತೆಗೆದು ನೋಡಿ.

ಎರಡು, ಗೇಮಿಂಗ್ ಅಂದ ಕೂಡಲೇ ಜೂಜು ಅಂತ ಹೆದರಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಆಡೋ ಆಟಗಳನ್ನ. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಆದ್ರೆ ಮಕ್ಕಳಿಗೂ ಒಂದು ಮಾತು: 'ಸ್ಟ್ರೀಮಿಂಗ್ ದುಡ್ಡಲ್ಲಿ ಇಎಂಐ ಕಟ್ತೀನಿ' ಅನ್ನೋ ಲೆಕ್ಕ ಬೇಡ. ಲೈವ್ ಮತ್ತು ಉದ್ದದ ವಿಡಿಯೋ ನಂಬಿಕೊಂಡು ಯೂಟ್ಯೂಬ್ ಜಾಹೀರಾತಿನ ಪಾಲು ಪಡೆಯಬೇಕಾದ್ರೆ ಮೊದಲು 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆಗಿರಬೇಕು. ಇಎಂಐ ಮಾತ್ರ ಮುಂದಿನ ತಿಂಗಳೇ ಬರುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತು ಕಂಪ್ಯೂಟರಿಗೂ ಅನ್ವಯ.

ನೂರು ರೂಪಾಯಿ ಹೇಗೆ ಹಂಚಬೇಕು?

ಮಾನಿಟರ್, ಮೈಕ್, ಯುಪಿಎಸ್ ಬೇರೆ ಇಡಿ. ಡಬ್ಬಿಗೆ ಅಂತ ಇರೋ ಪ್ರತಿ ನೂರು ರೂಪಾಯಿಯಲ್ಲಿ ನನ್ನ ಹಂಚಿಕೆ ಹೀಗೆ: ಗ್ರಾಫಿಕ್ಸ್ ಕಾರ್ಡಿಗೆ 35, ಪ್ರೊಸೆಸರಿಗೆ 18, ಮದರ್‌ಬೋರ್ಡಿಗೆ 12, ರ್‍ಯಾಮ್‌ಗೆ 12, ಎಸ್‌ಎಸ್‌ಡಿಗೆ 8, ಪವರ್ ಸಪ್ಲೈಗೆ 8, ಕ್ಯಾಬಿನೆಟ್ ಮತ್ತು ಫ್ಯಾನಿಗೆ 7. ರ್‍ಯಾಮ್ ತುಟ್ಟಿ ಇರೋವರೆಗೆ ಒಂದೆರಡು ರೂಪಾಯಿ ಬೋರ್ಡಿನಿಂದ ಅದಕ್ಕೆ ಸರಿಸಿ. ಪವರ್ ಸಪ್ಲೈನಿಂದ ಮಾತ್ರ ಒಂದು ಪೈಸೆಯನ್ನೂ ಕೀಳಬೇಡಿ. ಲೈಟಿಗೆ? ಸೊನ್ನೆ.

ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗ್ತೀರೋ, ನಿಮ್ಮೂರಿನ ಅಂಗಡಿಗೋ, ಆನ್‌ಲೈನೋ, ಕ್ರಮ ಒಂದೇ. 'ಸೆಟ್ ರೇಟ್' ಕೇಳಬೇಡಿ. ಒಂದೊಂದು ಪಾರ್ಟಿನ ಪೂರ್ತಿ ಹೆಸರು, ಪೂರ್ತಿ ನಂಬರ್, ಬೆಲೆ ಬರೆಸಿಕೊಳ್ಳಿ. ಆ ಚೀಟಿ ಹಿಡಿದು ಇನ್ನೆರಡು ಅಂಗಡಿ ಸುತ್ತಿ. ಶೇಕಡಾ 18 ಜಿಎಸ್‌ಟಿ ಉಳಿಸ್ತೀನಿ, ಬಿಲ್ ಬೇಡ ಅಂದ್ರೆ ಒಪ್ಪಬೇಡಿ. ನೀವು ಆ 18 ಕೊಟ್ಟು ತಗೊಳ್ಳೋದು ಬರೀ ತೆರಿಗೆ ರಸೀದಿಯನ್ನಲ್ಲ, ವಾರಂಟಿಗೆ ಆಧಾರವನ್ನ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ. ಡಬ್ಬಗಳು ನಿಮ್ಮ ಕಣ್ಣೆದುರೇ ಒಡೆಯಲಿ. ಜೋಡಿಸಿದ ಮೇಲೆ ಸಿಪಿಯು-ಝಡ್, ಜಿಪಿಯು-ಝಡ್ ಅನ್ನೋ ಉಚಿತ ತಂತ್ರಾಂಶ ಹಾಕಿಸಿ ನೋಡಿ. ಹಳೇ ಎನ್ವಿಡಿಯಾ ಚಿಪ್ಪಿಗೆ ಹೊಸ ಹೆಸರು ಬರೆದು ಮಾರಿದ ಎಷ್ಟೋ ನಕಲಿ ಕಾರ್ಡುಗಳನ್ನ ಜಿಪಿಯು-ಝಡ್ ಗುರುತು ಹಿಡಿದು, ಹೆಸರಿನ ಮುಂದೆ 'ಫೇಕ್' ಅಂತ ತೋರಿಸುತ್ತೆ. ವಾರಂಟಿ ಇದ್ದೂ ಸತಾಯಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಮತ್ತೆ, ಇದೆಲ್ಲದಕ್ಕೂ ಮೊದಲು ಬಿಟ್ಟಿ ಕೆಲಸ ಒಂದಿದೆ. ಓಬಿಎಸ್ ಸ್ಟುಡಿಯೋ ಅನ್ನೋ ಸ್ಟ್ರೀಮಿಂಗ್ ತಂತ್ರಾಂಶ ಪೂರ್ತಿ ಉಚಿತ. ಮನೆಯಲ್ಲಿರೋ ಲ್ಯಾಪ್‌ಟಾಪಿಗೆ ಹಾಕಿ, ಸಣ್ಣ ಆಟವೊಂದನ್ನ ಹಚ್ಚಿ, ಒಂದು ತಿಂಗಳು ವಾರಕ್ಕೆ ಮೂರು ದಿನ ಲೈವ್ ಬನ್ನಿ. ಚಿತ್ರ ಎಲ್ಲಿ ಒಡೆಯಿತು, ಧ್ವನಿ ಎಲ್ಲಿ ಕೆಟ್ಟಿತು, ಲೈನ್ ಎಲ್ಲಿ ಕೈಕೊಟ್ಟಿತು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ತಿಂಗಳ ಕೊನೆಗೆ ಆ ಹಾಳೆಯೇ ಹೇಳುತ್ತೆ ನಿಮಗೆ ಬೇಕಾಗಿರೋದು ಕಾರ್ಡೋ, ಮೈಕೋ, ಇಲ್ಲಾ ಬರೀ ಒಳ್ಳೇ ಬ್ರಾಡ್‌ಬ್ಯಾಂಡೋ ಅಂತ. ಅಂಗಡಿಗೆ ಹೋಗುವಾಗ ಜಾಹೀರಾತು ಬೇಡ, ಆ ಹಾಳೆ ತಗೊಂಡು ಹೋಗಿ.